ಮೋಟಾರು ತೊಳೆದ ನೀರು, ಕುಡಿಯುವ ನೀರು

ಸುರಪುರದಿಂದ ಕೊಡೇಕಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಊರು. ಆ ಊರಿನ ಅಗಸಿ ಓಣಿಯಲ್ಲಿ ಮರಿಲಿಂಗಪ್ಪ ಮತ್ತು ಅಮೀನಸಾಬನ ಮನೆಗಳು ಗೋಡೆಗೆ ಗೋಡೆ ಹಚ್ಚಿಕೊಂಡಿದ್ದವು. ನಿಜಾಮರ ರಾಜ್ಯ ಹೋಗಿ ಐದು ವರ್ಷವಾಗಿತ್ತು. ಜಾಗೀರು ಕಳೆದುಕೊಂಡ ಸಾಹೇಬರೊಬ್ಬರು ಹೈದರಾಬಾದಿಗೆ ಹೊರಟಾಗ, ಅವರ ಡ್ರೈವರನಾಗಿದ್ದ ಮರಿಲಿಂಗಪ್ಪ ಅವರ ಹಳೆಯ ಮೋಟಾರನ್ನೇ ಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಅಮೀನಸಾಬನದು ಟಾಂಗಾ.

ಇಬ್ಬರಿಗೂ ಗಾಡಿ ತೊಳೆಯುವುದೆಂದರೆ ಪೂಜೆ ಮಾಡಿದ ಹಾಗೆ. ಬೆಳಕು ಹರಿಯುವಷ್ಟರಲ್ಲಿ ಓಣಿಯ ಮೆಟ್ಟಿಲು ಬಾವಿಯ ಹತ್ತಿರ ಎರಡೂ ಗಾಡಿ ನಿಲ್ಲುತ್ತಿದ್ದವು. ಮರಿಲಿಂಗಪ್ಪ ಮಡ್‌ಗಾರ್ಡಿನ ಕೆಸರು ತೊಳೆದು ಗಾಜು ಒರೆಸಿದರೆ, ಅಮೀನಸಾಬ ಟಾಂಗಾದ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ.

"ಮರಿಲಿಂಗಣ್ಣ, ಇನ್ನಾ ಎಷ್ಟು ತಿಕ್ತೀ? ಬಣ್ಣ ಹೋದೀತು."

"ನಿನ್ನ ಕುದುರಿ ಮಾರಿ ನನ್ನ ಮೋಟಾರಿನಾಗ ಕಾಣಬೇಕಲ್ಲ ಅಮೀನಭಾಯಿ, ಅದಕ್ಕ ತಿಕ್ಕಾಕತ್ತೇನಿ."

ಹೀಗೆ ನಗುತ್ತಲೇ ಅವರ ದಿನ ಸುರುವಾಗುತ್ತಿತ್ತು. ಇಬ್ಬರೂ ಮೊಣಕಾಲ ಮಟ್ಟ ನೀರಿಗಿಳಿದು ಬಕೆಟ್ ತುಂಬುತ್ತಿದ್ದರು. ಗಾಡಿ ತೊಳೆದ ನೀರು ಮೆಟ್ಟಿಲ ಮೇಲಿಂದ ಹರಿದು ಮತ್ತೆ ಬಾವಿಗೇ ಸೇರುತ್ತಿತ್ತು. ಓಣಿಯವರೆಲ್ಲ ಕುಡಿಯುತ್ತಿದ್ದುದು ಅದೇ ಬಾವಿಯ ನೀರು.

ಆ ವರ್ಷದ ಬೇಸಿಗೆಯಲ್ಲಿ ಓಣಿಗೆ ನಾರುಹುಣ್ಣು ಬಂತು. ಕಾಲಿನಲ್ಲಿ ಗುಳ್ಳೆ ಎದ್ದು, ಒಡೆದು, ಬಿಳಿ ದಾರದಂಥ ಹುಳ ಹೊರಬರುವ ಬೇನೆ ಅದು. ಹತ್ತು ಮಂದಿ ಹಾಸಿಗೆ ಹಿಡಿದರು. ಅವರಲ್ಲಿ ಅಮೀನಸಾಬನ ಹೆಂಡತಿ ಮದೀನಾಬೀಯೂ ಒಬ್ಬಳು. ಪಾದ ಬಾತು, ಎರಡು ತಿಂಗಳು ಆಕೆ ನೆಲಕ್ಕೆ ಕಾಲೂರಲಿಲ್ಲ. ಮರಿಲಿಂಗಪ್ಪನ ಹೆಂಡತಿ ಸಾಯಬಮ್ಮನೇ ಎರಡೂ ಮನೆಗೆ ರೊಟ್ಟಿ ಬಡಿದಳು.

ಒಂದು ದಿನ ಸುರಪುರದ ದವಾಖಾನೆಯ ನರ್ಸು ಭೀಮಾಬಾಯಿ, ಬೇನೆಯವರನ್ನು ನೋಡಲು ಮರಿಲಿಂಗಪ್ಪನ ಮೋಟಾರಿನಲ್ಲೇ ಊರಿಗೆ ಹೊರಟಳು.

"ಮೋಟಾರು ಭಾಳ ಚಂದ ಇಟ್ಟೀರಿ. ದಿನಾ ತೊಳೀತೀರೇನು?" ಎಂದು ಕೇಳಿದಳು.

ಮರಿಲಿಂಗಪ್ಪನ ಎದೆ ಉಬ್ಬಿತು. "ಒಂದಿನಾನೂ ಬಿಟ್ಟಿಲ್ರಿ ಬಾಯಾರ. ನಮ್ಮ ಬಾವ್ಯಾಗ ಇಳಿದು ತೊಳೀತೇನ್ರಿ."

ಊರು ಮುಟ್ಟಿದ ಮೇಲೆ ಭೀಮಾಬಾಯಿ ನೇರ ಅಮೀನಸಾಬನ ಮನೆಗೆ ಹೋದಳು. ಮದೀನಾಬೀಯ ಕಾಲಿಗೆ ಮದ್ದು ಹಚ್ಚಿ ಪಟ್ಟಿ ಕಟ್ಟಿದ ಮೇಲೆ, ಬಾವಿಯ ನೀರನ್ನು ಒಂದು ಗಾಜಿನ ಗ್ಲಾಸಿನಲ್ಲಿ ತರಿಸಿ ಬಿಸಿಲಿಗೆ ಹಿಡಿದಳು. ಓಣಿಯವರು ಸುತ್ತ ನೆರೆದರು. ನೀರಿನಲ್ಲಿ ಉಪ್ಪಿನ ಹುಡಿಯಷ್ಟು ಸಣ್ಣ ಬಿಳಿ ಚುಕ್ಕೆಗಳು ಚಂಗನೆ ಜಿಗಿಯುತ್ತಿದ್ದವು.

"ಇವು ನೀರುಹುಳ. ನಾರು ಇದ್ದವ್ರು ನೀರಾಗ ಕಾಲಿಟ್ರ, ಆ ಹುಣ್ಣಿನಿಂದ ಸಾವಿರಾರು ಮರಿ ನೀರಿಗೆ ಬೀಳ್ತಾವ. ಈ ಹುಳ ಆ ಮರಿ ತಿಂತಾವ. ನಾವು ಸೋಸದ ನೀರು ಕುಡಿದ್ರ ಮರಿ ನಮ್ಮ ಹೊಟ್ಟಿಗೆ ಹೋಗ್ತಾವ. ಒಂದು ವರ್ಷ ಮೈಯಾಗ ಬೆಳೆದು, ಕಾಲಾಗ ಹೊರಗ ಬರ್ತಾವ."

ಮರಿಲಿಂಗಪ್ಪ ನಂಬಲಿಲ್ಲ. "ನಮ್ಮ ಮುತ್ಯಾನ ಕಾಲದಿಂದ ಇದೇ ನೀರು ಕುಡಿದೇವ್ರಿ. ನಾರು ದೇವರ ಸಿಟ್ಟಿನಿಂದ ಬರ್ತದ. ಗಾಡಿ ತೊಳದ್ರ ಬರ್ತದೇನು?"

"ಗಾಡಿ ತೊಳದ್ರ ಬರೂದಿಲ್ಲ ಅಣ್ಣಾರ. ಹುಣ್ಣಿನ ಕಾಲು ನೀರಾಗಿಟ್ರ ಬರ್ತದ. ಹೋದ ಬ್ಯಾಸಿಗ್ಯಾಗ ಈ ಓಣ್ಯಾಗ ಯಾರಿಗರ ನಾರು ಇತ್ತೇನು?"

ಯಾರಿಗೂ ಇರಲಿಲ್ಲ ಎಂದು ಎಲ್ಲರೂ ತಲೆಯಾಡಿಸಿದರು. ಸಾಯಬಮ್ಮ ಮಾತ್ರ ಗಂಡನ ಮುಖ ನೋಡಿದಳು.

ಬಾಡಿಗೆಗೆ ತಿರುಗುವಾಗ ಯಾವ ಊರಿನ ನೀರು ಕುಡಿದಿದ್ದನೋ, ಹೋದ ಬೇಸಿಗೆಯಲ್ಲಿ ಮರಿಲಿಂಗಪ್ಪನ ಹಿಮ್ಮಡಿಯಲ್ಲಿ ನಾರು ಎದ್ದಿತ್ತು. ಕಾಲು ಕುಂಟುವ ಡ್ರೈವರನ ಮೋಟಾರಿಗೆ ಮಂದಿ ಹತ್ತುವುದಿಲ್ಲ ಎಂದು ಅವನು ಅರಿವೆ ಸುತ್ತಿ ಮುಚ್ಚಿಟ್ಟಿದ್ದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಾವಿಗೆ ಹೋಗಿ, ಅರಿವೆ ಬಿಚ್ಚಿ ನೀರಿಗಿಳಿಯುತ್ತಿದ್ದ. ತಣ್ಣೀರಿನಲ್ಲಿ ನಿಂತರೆ ಉರಿ ಇಳಿಯುತ್ತಿತ್ತು. ಒಂದು ತಿಂಗಳು ಹಾಗೆಯೇ ನಡೆದಿತ್ತು. ಅದು ಗೊತ್ತಿದ್ದುದು ಹೆಂಡತಿಗೆ ಒಬ್ಬಳಿಗೇ.

ಮನೆಗೆ ಹೋಗಿ ಅವನು ಊಟದ ತಾಟಿನ ಮುಂದೆ ಕೂತ. ಗೋಡೆಯಾಚೆ ಮದೀನಾಬೀ ನರಳುವುದು ಕೇಳಿಸುತ್ತಿತ್ತು.

"ಹೇಳಿಬಿಡ್ರಿ. ಮುಚ್ಚಿಟ್ರ ಬರೂ ವರ್ಷ ಮತ್ತ ಯಾರ್ಯಾರು ಮಲಗ್ತಾರೋ," ಎಂದಳು ಸಾಯಬಮ್ಮ.

ಅವನು ಎದ್ದು ಪಕ್ಕದ ಮನೆಗೆ ಹೋದ. ಭೀಮಾಬಾಯಿ ಇನ್ನೂ ಅಲ್ಲೇ ಇದ್ದಳು. ಬಾಗಿಲಲ್ಲೇ ನಿಂತು, ತಲೆ ತಗ್ಗಿಸಿ ಹೇಳಿದ: "ಅಮೀನಭಾಯಿ, ಹೋದ ವರ್ಷ ನಾರು ನನ್ನ ಕಾಲಾಗಿತ್ತು. ಆ ಕಾಲಿಲೇ ದಿನಾ ಬಾವಿಗಿಳದೇನಿ. ವೈನಿಯ ಈ ಸಂಕಟ ನನ್ನಿಂದ ಆಗ್ಯಾದ."

ಅಮೀನಸಾಬ ಅವನನ್ನು ಒಳಗೆ ಕರೆದು ಕೂರಿಸಿದ. ಆಮೇಲೆ, "ನಾನೂ ಅದ ನೀರಾಗ ಇಳದು ಟಾಂಗಾ ತೊಳದೇನಿ. ನನಗ ನಾರು ಇದ್ದಿದ್ರ ನಾನೂ ಇಳೀತಿದ್ದೆ," ಎಂದ.

ಮದೀನಾಬೀ ಹಾಸಿಗೆಯಿಂದಲೇ ಅಂದಳು: "ಗೊತ್ತಿಲ್ದ ಆಗ್ಯಾದ ಬಿಡು ಅಣ್ಣ. ಇನ್ನ ಮ್ಯಾಲ ಆಗಲಾರದಂಗ ನೋಡ್ರಿ ಇಬ್ಬರೂ."

"ಅಷ್ಟು ಮಾಡಿದ್ರ ಸಾಕು," ಎಂದಳು ಭೀಮಾಬಾಯಿ.

ಮರುದಿನವೇ ಕೆಲಸ ಸುರುವಾಯಿತು. ಮರಿಲಿಂಗಪ್ಪ ಮೋಟಾರಿನಲ್ಲಿ, ಅಮೀನಸಾಬ ಟಾಂಗಾದಲ್ಲಿ ಗುಡ್ಡದ ಕಲ್ಲು ಹೊತ್ತು ತಂದರು. ಓಣಿಯ ಗಂಡಸರು ಬಾವಿಯ ಮೆಟ್ಟಿಲ ಬಾಯಿಗೆ ಗೋಡೆ ಕಟ್ಟಿ, ಮೇಲೆ ಗಡಗಡಿ ಹಾಕಿದರು. ಇನ್ನು ಯಾರೂ ಇಳಿಯುವಂತಿರಲಿಲ್ಲ, ಹಗ್ಗದಿಂದ ಸೇದಬೇಕು. ಸಾಯಬಮ್ಮ ಮನೆಮನೆಗೆ ಹೋಗಿ, ಕೊಡದ ಬಾಯಿಗೆ ಎರಡು ಮಡಿಕೆ ದಟ್ಟ ಬಟ್ಟೆ ಕಟ್ಟಿ ನೀರು ಸೋಸುವುದನ್ನು ತೋರಿಸಿದಳು. ಗಾಡಿಗಳ ಸ್ನಾನ ಊರ ಕೆಳಗಿನ ಹಳ್ಳದ ದಂಡೆಗೆ ಹೋಯಿತು. ಅಲ್ಲಿಯೂ ಇಬ್ಬರೂ ನೀರಿಗಿಳಿಯದೆ ಬಕೆಟಿನಲ್ಲಿ ಎತ್ತಿ ತಂದು, ದೂರದ ಬಯಲಲ್ಲಿ ತೊಳೆಯುತ್ತಿದ್ದರು.

ಮೊದಲೇ ಆ ನೀರು ಕುಡಿದಿದ್ದ ಇಬ್ಬರಿಗೆ ಮರುವರ್ಷ ನಾರು ಎದ್ದಿತು. ಅವರು ಮುಚ್ಚಿಡಲಿಲ್ಲ, ದವಾಖಾನೆಗೆ ಹೋದರು. ಅದರ ಮುಂದಿನ ಬೇಸಿಗೆಯಲ್ಲಿ ಓಣಿಯಲ್ಲಿ ಒಬ್ಬರೂ ನಾರಿನಿಂದ ಹಾಸಿಗೆ ಹಿಡಿಯಲಿಲ್ಲ. ಮದೀನಾಬೀ ಹಿತ್ತಲಿನಲ್ಲಿ ಓಡಾಡುತ್ತ ಮೆಣಸಿನಕಾಯಿ ಒಣಹಾಕುವುದನ್ನು ಕಂಡು ಮರಿಲಿಂಗಪ್ಪ ನೆಮ್ಮದಿಯಿಂದ ಉಸಿರುಬಿಟ್ಟ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗಾಡಿ, ಬಂಡಿ, ಸೈಕಲ್ಲು ಥಳಥಳ ಹೊಳೆಯಲಿ. ಆದರೆ ಕುಡಿಯುವ ನೀರಿನಲ್ಲಿ ಅವನ್ನು ತೊಳೆಯಬೇಡಿ, ಆ ನೀರಿಗೆ ಕಾಲಿಡಬೇಡಿ. ಎರಡು ಮಡಿಕೆ ಬಟ್ಟೆಯಲ್ಲಿ ಸೋಸದ ನೀರನ್ನು ಮಕ್ಕಳಿಗೆ ಕೊಡಬೇಡಿ. ಕಾಲಿನಲ್ಲಿ ನಾರು ಕಂಡರೆ ನಾಚಿಕೊಳ್ಳದೆ ಇಂದೇ ನಿಮ್ಮೂರಿನ ನರ್ಸಿಗೆ ಹೇಳಿ. ನೀವು ಹೇಳುವ ಆ ಒಂದು ಮಾತಿನಿಂದ ನಿಮ್ಮ ಪಕ್ಕದ ಮನೆಯವರ ಕಾಲು ಉಳಿಯುತ್ತದೆ.