ಗೇಟು ದಾಟುವ ಅಪ್ಪಣೆ

ಕೇಳಿದ್ದು ರಮಾಮಣಿ, ವಸತಿ ತೋರಿಸುತ್ತಿದ್ದ ಜಯೇಶ್ ಉತ್ತರ ಹೇಳಿದ್ದು ಅವರ ಮಗಳು ಅಪರ್ಣಾಳಿಗೆ. ಒಂದು ಸಣ್ಣ ಗ್ಯಾಸ್ ಒಲೆ ಇಟ್ಟುಕೊಳ್ಳಬಹುದೇ ಎಂದು ರಮಾಮಣಿ ಹಿಂದಿಯಲ್ಲಿ ಎರಡು ಸಲ ಕೇಳಿದರು. ಅವನು ಎರಡು ಸಲವೂ ಮಗಳ ಕಡೆ ತಿರುಗಿ, "ಮೇಡಮ್, ಮಮ್ಮೀಜೀ ಕೋ ಅಬ್ ಕಿಚನ್ ಕಾ ಟೆನ್ಷನ್ ಹೀ ನಹೀ" ಎಂದು, ಅಮ್ಮನಿಗೆ ಇನ್ನು ಅಡುಗೆಯ ಚಿಂತೆಯೇ ಇಲ್ಲ ಎಂಬಂತೆ ನಕ್ಕ.

ಘೋಡಬಂದರ್ ರಸ್ತೆಯ ಈ ಹಿರಿಯರ ವಸತಿಯನ್ನು ನೋಡಲು ಬರುವ ಯೋಚನೆ ಅಪರ್ಣಾಳದ್ದಲ್ಲ, ರಮಾಮಣಿಯವರದೇ. ಗಂಡ ತೀರಿಕೊಂಡ ಮೇಲೆ ಡೊಂಬಿವಲಿ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲನ್ನು ಒಬ್ಬರೇ ನಡೆಸಿದವರು ಅವರು. ಮಂಡಿ ಕೈಕೊಟ್ಟ ಮೇಲೆ ಹೋಟೆಲನ್ನು ಬೇರೆಯವರಿಗೆ ಬಿಟ್ಟು ಕಲ್ಯಾಣದ ಮಗಳ ಮನೆಗೆ ಬಂದಿದ್ದರು. ಅಲ್ಲಿ ಊಟಕ್ಕೆ, ಔಷಧಿಗೆ, ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ಹಾಲಿನಲ್ಲಿ ಮಲಗುವುದು, ಅದಕ್ಕೂ ಅಳಿಯ ಟಿವಿ ಆರಿಸುವವರೆಗೆ ಕಾಯುವುದು ಸಾಕಾಗಿತ್ತು. ತನ್ನದೇ ಒಂದು ಕೋಣೆ ಬೇಕು ಅನ್ನಿಸಿತ್ತು. "ಜನ ಎಂತ ಹೇಳ್ತಾರೆ ಅಮ್ಮಾ?" ಎಂದು ಅಪರ್ಣಾ ಅತ್ತಿದ್ದಳು. ರಮಾಮಣಿ ಬಿಟ್ಟಿರಲಿಲ್ಲ.

ಕೋಣೆ ಚೆನ್ನಾಗಿಯೇ ಇತ್ತು. ಕಿಟಕಿಯಿಂದ ಯೇವೂರಿನ ಗುಡ್ಡ ಕಾಣುತ್ತಿತ್ತು. ಅವರು ಮಂಚದ ಮೇಲೆ ಕುಳಿತು, ದೇವರನ್ನು ಎಲ್ಲಿಡುವುದು ಎಂದು ಲೆಕ್ಕ ಹಾಕಿದರು. ಹೊರಗೆ ಬರುವ ದಾರಿಯಲ್ಲಿ ದೊಡ್ಡ ಹಾಲಿನಲ್ಲಿ ಇಪ್ಪತ್ತು ಮೂವತ್ತು ವೃದ್ಧರು ಬಲೂನು ತಟ್ಟುತ್ತಿದ್ದರು. ಟೀ ಶರ್ಟಿನ ಹುಡುಗಿಯೊಬ್ಬಳು ಚಪ್ಪಾಳೆ ಹೊಡೆದು, "ವೆರಿ ಗುಡ್ ದಾದಾಜಿ, ಶಾಬಾಶ್" ಎನ್ನುತ್ತಿದ್ದಳು. ರಮಾಮಣಿಗೆ ಕಸಿವಿಸಿಯಾಯಿತು. ತನಗೆ ಬೇಡವಾದರೆ ಕೋಣೆಯಲ್ಲೇ ಇದ್ದರಾಯಿತು ಎಂದು ಸಮಾಧಾನ ಮಾಡಿಕೊಂಡರು.

ವಾಪಸ್ಸು ಗೇಟಿನ ಹತ್ತಿರ ಬಂದಾಗ ಕನ್ನಡ ಕೇಳಿಸಿತು.

"ಈಗ ನೋಡು ಅಂಬಾರಾಯ, ಬಂತಾ?"

"ಇಲ್ರಿ ಸರ. ನಿಮ್ಮ ಮಗ ಇನ್ನಾ ಓಕೆ ಒತ್ತಿಲ್ಲ. ಮೊಬೈಲ್‌ನ್ಯಾಗ ಹಸಿರು ಬರಬೇಕ್ರಿ."

ಕೇಳಿದವರು ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ ಹಾಕಿದ್ದ, ಎಂಬತ್ತರ ಹತ್ತಿರದ ಎತ್ತರದ ಮನುಷ್ಯ. ಉತ್ತರ ಕೊಟ್ಟವನು ಕಲಬುರಗಿ ಕಡೆಯ ಕಾವಲುಗಾರ. ಅಡ್ಡಕಂಬ ಇಳಿದೇ ಇತ್ತು.

"ಎಂತ ಬರ್ಬೇಕು?" ರಮಾಮಣಿ ನಿಂತು ಕೇಳಿದರು.

ಊರಿನ ಮಾತು ಕೇಳಿ ಆ ಮನುಷ್ಯನ ಮುಖ ಸ್ವಲ್ಪ ಅರಳಿತು. "ನಾನು ರಘುಪತಿ. ಬ್ರಹ್ಮಾವರದವ. ತುರ್ಭೆಯಲ್ಲಿ ಫ್ಯಾಕ್ಟರಿ ಕೆಲಸದಲ್ಲಿ ಇದ್ದೆ. ಎಂತ ಇಲ್ಲ, ಎದುರಿನ ಸಲೂನಿಗೆ ಹೋಗಿ ಕಟಿಂಗ್ ಮಾಡಿಸುವ ಅಂತ. ಹೊರಗೆ ಹೋಗ್ಲಿಕ್ಕೆ ಮಗನ ಪರ್ಮಿಷನ್ ಬೇಕು. ಅವ ಪುಣೆಯಲ್ಲಿ. ಭಾನುವಾರ ಫೋನ್ ನೋಡುದಿಲ್ಲ."

"ನಿಮಗೆ ಎಂತದಾದ್ರೂ ಕಾಯಿಲೆ ಉಂಟಾ? ಮರೆವು?"

"ಬಿಪಿ ಉಂಟು. ಮತ್ತೆಂತ ಇಲ್ಲ. ತುರ್ಭೆಯ ಮನೆ ಮಾರಿ ಇಲ್ಲಿಗೆ ಬಂದದ್ದು ನಾನೇ. ಕಾಗದ ಎಲ್ಲ ನನ್ನ ಹೆಸರಿನಲ್ಲೇ ಉಂಟು."

ರಮಾಮಣಿ ಜಯೇಶನ ಕಡೆ ತಿರುಗಿದರು. ಅವನು ಮತ್ತೆ ಅಪರ್ಣಾಳ ಮುಖ ನೋಡಿದ.

"ಅವಳನ್ನು ನೋಡಬೇಡ, ನನ್ನನ್ನು ನೋಡಿ ಹೇಳು," ಎಂದು ರಮಾಮಣಿ ಹೋಟೆಲಿನ ಗಲ್ಲಾದಲ್ಲಿ ಕೂತವರ ಹಿಂದಿಯಲ್ಲಿ ಹೇಳಿದರು. "ಇವರನ್ನು ಯಾಕೆ ತಡೆದದ್ದು?"

"ಸೇಫ್ಟೀ ಕೇ ಲಿಯೇ, ಆಂಟೀಜಿ. ಒಳಗೇ ಸಲೂನ್ ಇದೆಯಲ್ಲ."

"ಅವರಿಗೆ ಎದುರಿನದ್ದು ಬೇಕು."

ಜಯೇಶ್ ದನಿ ತಗ್ಗಿಸಿ ಅಪರ್ಣಾಳಿಗೆ ಹೇಳಿದ, "ಮೇಡಮ್, ನಿಮಗೆ ಅರ್ಥ ಆಗುತ್ತದೆ. ಮಮ್ಮೀಜಿಯ ಆ್ಯಪ್ ನಿಮ್ಮ ಮೊಬೈಲಿನಲ್ಲೇ ಇರುತ್ತದೆ. ನೀವು ಆಫೀಸಿನಿಂದಲೇ ಕಂಟ್ರೋಲ್ ಮಾಡಬಹುದು."

ಅಪರ್ಣಾ ಇಷ್ಟು ಹೊತ್ತೂ ಸೆಖೆಗೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಳು. "ಅದು ಒಳ್ಳೇದೇ ಅಲ್ವಾ ಅಮ್ಮಾ," ಎಂದಳು. "ಈ ಹೈವೇಯಲ್ಲಿ ಟ್ರಾಫಿಕ್ ನೋಡು. ನೀನು ಕೇಳಿದ ಕೂಡ್ಲೇ ನಾನು ಓಕೆ ಮಾಡ್ತೇನೆ. ಒಂದು ಸೆಕೆಂಡಿನ ಕೆಲ್ಸ."

ರಮಾಮಣಿ ಮಗಳನ್ನು ನೋಡಿದರು.

"ನಾನು ಕೇಳ್ಬೇಕು. ನೀನು ಬಿಡ್ಬೇಕು."

"ಹಾಗೆ ಅಲ್ಲಮ್ಮ..."

"ಮತ್ತೆ ಹೇಗೆ? ಹದಿನಾರು ವರ್ಷದ ಹುಡುಗಿಯನ್ನು ಬೆಳಗ್ಗಿನ ಲೋಕಲ್ ರೈಲಿಗೆ ಹತ್ತಿಸಿದವಳು ನಾನು. ಬಾಗಿಲಿನಲ್ಲಿ ನೇತಾಡ್ಕೊಂಡು ಹೋಗ್ತಿದ್ದೆ ನೀನು. ರಾತ್ರಿ ನೀನು ಬರುವವರೆಗೆ ನನ್ನ ಜೀವ ಜೀವದಲ್ಲಿ ಇರ್ತಿರಲಿಲ್ಲ. ಆದ್ರೂ ನಾಳೆ ಹೋಗ್ಬೇಡ ಅಂತ ಒಂದು ದಿನ ಹೇಳಿದ್ದೇನಾ?"

ಅಷ್ಟರಲ್ಲಿ ವಸತಿ ನೋಡಲು ಬಂದ ಎರಡು ಕಾರು ಅಡ್ಡಕಂಬದ ಆಚೆ ನಿಂತವು. ಮುಂದಿನ ಕಾರಿನವನು ಹಾರ್ನ್ ಹೊಡೆದ. ರಮಾಮಣಿ ಕಂಬದ ಎದುರಿಗೇ ಹೋಗಿ ನಿಂತರು.

"ಹೊಡೀಲಿ. ಇವರನ್ನು ಬಿಡದೆ ನಾನು ಸರಿಯುದಿಲ್ಲ. ಇವರೆಂತ ಕಳ್ಳರಾ? ಯಾವ ಕಾನೂನಿನಲ್ಲಿ ಹಿಡಿದಿಟ್ಟಿದ್ದೀರಿ ಹೇಳಿ. ನಾಳೆ ಮಾಜಿವಾಡಾದಲ್ಲಿ ವಕೀಲರ ಮನೆಗೇ ಹೋಗ್ತೇನೆ."

ಕಾರಿನ ಹಿಂದಿನ ಸೀಟಿನ ಮುದುಕಿಯೊಬ್ಬರು ಗಾಜು ಇಳಿಸಿ, ಏನು ನಡೆದಿದೆ ಎಂದು ಮರಾಠಿಯಲ್ಲಿ ಮಗನನ್ನು ಕೇಳತೊಡಗಿದರು. ಜಯೇಶನ ಮುಖ ಕಪ್ಪಿಟ್ಟಿತು. "ಖೋಲ್ ದೇ ಯಾರ್. ಸಿರ್ಫ್ ಆಜ್," ಎಂದು ಕಾವಲುಗಾರನಿಗೆ ಇವತ್ತೊಂದು ದಿನಕ್ಕೆ ತೆರೆಯಲು ಹೇಳಿದ. ಅಂಬಾರಾಯ ಕಂಬ ಎತ್ತಿದ.

ರಘುಪತಿ ಕದಲಲಿಲ್ಲ.

"ನೀವು ಈಗ ಮನೆಗೆ ಹೋಗ್ತೀರಿ," ಎಂದರು ಮೆತ್ತಗೆ. "ಸಂಜೆ ಊಟಕ್ಕೆ ನಾನು ಇವರ ಮುಂದೆಯೇ ಕೂತ್ಕೊಳ್ಬೇಕು. ಮಗನಿಗೆ ಕಂಪ್ಲೇಂಟ್ ಹೋಗ್ತದೆ."

ರಮಾಮಣಿಗೆ ತನ್ನ ಸಿಟ್ಟಿನ ಭಾರವನ್ನು ಇನ್ನೊಬ್ಬರ ತಲೆಯ ಮೇಲೆ ಹೊರಿಸಿದೆನೇನೋ ಎಂದು ಒಂದು ಕ್ಷಣ ಅಳುಕಾಯಿತು. "ಹಾಗಾದ್ರೆ ಬೇಡ ಬಿಡಿ," ಎಂದರು. "ನಿಮ್ಮ ಮೇಲೆ ಒತ್ತಾಯ ಎಂತ ಇಲ್ಲ."

ಹಿಂದಿನ ಕಾರೂ ಹಾರ್ನ್ ಹೊಡೆಯಿತು. ರಘುಪತಿ ಅಂಗಿಯ ಕಾಲರು ಸರಿಮಾಡಿಕೊಂಡರು. "ಹೋಗ್ಲಿ. ಕಂಪ್ಲೇಂಟ್ ಮಾಡಿದ್ರೆ ಅವ ಫೋನಾದ್ರೂ ಮಾಡಿಯಾನು," ಎಂದು ಗೇಟು ದಾಟಿದರು.

ಮೆಟ್ರೊ ಕಂಬಗಳ ನಡುವೆ ಲಾರಿಗಳು ತೆವಳುತ್ತಿದ್ದವು. ಅಪರ್ಣಾ ಕೈ ಅಡ್ಡ ಹಿಡಿದು ಇಬ್ಬರನ್ನೂ ರಸ್ತೆ ದಾಟಿಸಿದಳು. ಸಲೂನು ಎಂದರೆ ತಗಡಿನ ಮಾಡಿನ ಕೆಳಗೆ ಎರಡು ಕುರ್ಚಿ, ಒಂದು ಉದ್ದ ಕನ್ನಡಿ. ರಘುಪತಿ ಕುರ್ಚಿ ಹತ್ತಿದರು. ರಮಾಮಣಿ ಗೋಡೆ ಬದಿಯ ಬೆಂಚಿನಲ್ಲಿ ಕುಳಿತು ಮಂಡಿ ನೀವಿಕೊಂಡರು.

"ಹೋಗುವಾ ಅಮ್ಮಾ?" ಅಪರ್ಣಾ ಕೇಳಿದಳು. "ಆ ಕೋಣೆ ಬೇಡ ತಾನೇ?"

"ಬೇಡ. ಬೇರೆ ಕಡೆ ನೋಡ್ತೇನೆ. ನಿನ್ನ ಹಾಲಿನಲ್ಲೇ ಇರ್ತೇನೆ ಅಂತ ತಿಳ್ಕೊಳ್ಬೇಡ. ನಿನಗೆ ಅರ್ಜೆಂಟಿದ್ರೆ ಹೋಗು, ನಾನು ಬಸ್ಸಿನಲ್ಲಿ ಬರ್ತೇನೆ."

ಅಪರ್ಣಾ ಹೋಗಲಿಲ್ಲ. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದು, ಆಮೇಲೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು.

ಕ್ಷೌರಿಕ ಬಿಳಿ ಬಟ್ಟೆ ಕೊಡವಿ ರಘುಪತಿಯವರ ಕೊರಳಿಗೆ ಸುತ್ತಿದ. ಬಾಚಣಿಗೆ ಎತ್ತಿಕೊಂಡು, "ಕೈಸಾ ರಖನಾ ಹೈ, ಚಾಚಾ?" ಎಂದು, ಕೂದಲು ಹೇಗೆ ಬೇಕು ಅಂತ ಅವರನ್ನೇ ಕೇಳಿದ.

ರಘುಪತಿ ಕನ್ನಡಿಯಲ್ಲಿ ತಮ್ಮ ತಲೆಯನ್ನು ಎಡಕ್ಕೆ ತಿರುಗಿಸಿ ನೋಡಿದರು, ಬಲಕ್ಕೆ ತಿರುಗಿಸಿ ನೋಡಿದರು. ಯೋಚಿಸುತ್ತಿದ್ದರು. ಕ್ಷೌರಿಕ ಬಾಚಣಿಗೆಯನ್ನು ಕೈಯಲ್ಲೇ ಹಿಡಿದು ಕಾಯುತ್ತ ನಿಂತ.