ಮಡಚದ ಬೆರಳುಗಳು

ಮುಚಾನೆತಾ ಸತ್ತ ಮಾವನ ಕೋಟಿನ ಒಂದು ತೋಳಿಗೆ ಕೈ ತೂರಿಸುತ್ತಿದ್ದಳು. ಗಂಡ ಗರಿಕಾಯಿ ಇನ್ನೊಂದು ತೋಳು ಹಿಡಿದು ಎಳೆಯುತ್ತಿದ್ದ.

"ಬಿಚ್ಚು. ಇವತ್ತು ಆ ಆಟ ಬೇಡ ಅಂದ್ನಲ್ಲ."

"ಯಾಕೆ ಬೇಡ? ಮಾವ ಸತ್ತಾಗ ಸೊಸೆ ಅವರ ಬಟ್ಟೆ ತೊಟ್ಟು ಅವರ ಥರಾ ಆಡಿ ತೋರಿಸ್ದೇ ಇದ್ರೆ ಊರೋರು ಮುಖಕ್ಕೆ ಉಗೀತಾರೆ."

"ಮಪೋಸಾ ಬಂದು ಕೂತಿದ್ದಾನೆ ಕಣೇ. ಪೆಟ್ಟಿಗೆಗೆ ಹೊದಿಸೋಕೆ ಪಕ್ಷದ ಬಾವುಟ ತಂದಿದ್ದಾನೆ. ಗುಂಡಿ ಹತ್ರ ಘೋಷಣೆ ಬೇರೆ ಕೂಗಿಸ್ತಾನಂತೆ. ಪುಕ್ಕಟೆ ಜೋಳ ಯಾರಿಗೆ ಅಂತ ಪಟ್ಟಿ ಬರೆಯೋನೇ ಅವನು. ನಮ್ಮ ಹೆಸರು ಹೊಡೆದ್ರೆ ಮಕ್ಕಳಿಗೆ ಏನು ಬೇಯಿಸ್ತೀಯ?"

"ನನ್ನ ಗುಂಡಿ ಮೇಲೆ ಒಬ್ಬನೂ ಮುಷ್ಟಿ ಎತ್ತಬಾರದು ಅಂತ ನಿಮ್ಮಪ್ಪ ಹೇಳಿದ್ದು ನಿಮಗೂ ಕೇಳಿಸ್ತು ತಾನೆ?"

ಗರಿಕಾಯಿ ತೋಳು ಬಿಟ್ಟ. ಕೇಳಿಸಿತ್ತು.

ಅಂಗಳದಲ್ಲಿ ಡೋಲು ಬಡಿಯುತ್ತಿದ್ದರು. ಹೆಂಗಸರು ಚಾಪೆಯ ಮೇಲೆ, ಗಂಡಸರು ಬರಿ ನೆಲದ ಮೇಲೆ ಕೂತಿದ್ದರು. ಪಕ್ಷದ ಚೇರ್ಮನ್ ಮಪೋಸಾ ಒಬ್ಬನೇ ಕುರ್ಚಿಯಲ್ಲಿದ್ದ. ಮುಚಾನೆತಾ ಮಾವನ ಎಣ್ಣೆಜಿಡ್ಡಿನ ಟೊಪ್ಪಿ ಹಾಕಿ, ಸೈಕಲ್ ಪಂಪನ್ನು ಕಂಕುಳಲ್ಲಿ ಇರುಕಿಕೊಂಡು, ಸೊಂಟ ಹಿಡಿದು ಕುಂಟುತ್ತ ಬಂದಳು. ಇಲ್ಲದ ಟ್ಯೂಬಿಗೆ ಉಗುಳು ಹಚ್ಚಿ, ಕಣ್ಣು ಕಿರಿದು ಮಾಡಿ ತೂತು ಹುಡುಕಿದಳು.

"ಅಯ್ಯೋ ನಿನ್ನ, ನನ್ನ ತಮ್ಮನೇ ಎದ್ದು ಬಂದ ಕಣ್ರೇ," ಎಂದು ಸತ್ತವನ ಅಕ್ಕ ಸರುಜಾಯಿ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಮುಚಾನೆತಾ ನೇರ ಕುರ್ಚಿಯ ಮುಂದೆ ಹೋಗಿ ನಿಂತಳು. "ಏನಪ್ಪಾ ಮಪೋಸಾ, ಎಲ್ಲಾ ನೆಲದ ಮೇಲೆ, ನೀನೊಬ್ಬ ಕುರ್ಚಿ ಮೇಲೆ. ಮೂಲವ್ಯಾಧಿಯೇನೋ?"

ಅಂಗಳವೆಲ್ಲ ನಕ್ಕಿತು. ಮಪೋಸಾನೂ ಹಲ್ಲು ಬಿಡಬೇಕಾಯಿತು. ಆ ಬಟ್ಟೆ ತೊಟ್ಟ ಸೊಸೆಯ ಮಾತಿಗೆ ಸಿಟ್ಟಾದವನನ್ನು ನಮ್ಮಲ್ಲಿ ಮತ್ತೆ ಯಾರೂ ಸಾವಿನ ಮನೆಗೆ ಕರೆಯುವುದಿಲ್ಲ.

*

ಬಿಳಿಯರ ಕಾಲದಲ್ಲಿ ಗರಿಕಾಯಿಯ ಅಪ್ಪ ತಿಚಾವೋನಾ ಸೈಕಲ್ಲಿನ ಸೀಟು ಕಿತ್ತು, ಕೊಳವೆಯೊಳಗೆ ಗುಂಡು ತುಂಬಿ, ಸದ್ದಾಗದಂತೆ ಚಿಂದಿ ತುರುಕಿ, ಪೊಲೀಸರ ಮುಂದೆಯೇ ಸಿಳ್ಳೆ ಹಾಕುತ್ತ ಕಾಡಿನಲ್ಲಿ ಅಡಗಿ ಬಿಳಿಯರ ಮೇಲೆ ಹೋರಾಡುತ್ತಿದ್ದ ಹುಡುಗರಿಗೆ ಮುಟ್ಟಿಸುತ್ತಿದ್ದ. ಸ್ವಾತಂತ್ರ್ಯ ಬಂತು. ಬಿಳಿಯನ ತೋಟ ಮಪೋಸಾನ ಪಾಲಾಯಿತು. ಬೇಲಿ ಹಾಗೇ ಉಳಿಯಿತು. ತಿಚಾವೋನಾ ಮರದಡಿ ಪಂಕ್ಚರ್ ಹಾಕುತ್ತ ಮುದುಕನಾದ.

ಚುನಾವಣೆಯ ವರ್ಷ ಪಕ್ಷದವರು ಊರನ್ನೆಲ್ಲ ಶಾಲೆಯ ಬಯಲಿಗೆ ಅಟ್ಟಿ ತಂದು, ಮುಷ್ಟಿ ಎತ್ತಿ ಪಕ್ಷಕ್ಕೆ ಜೈ ಅನ್ನಿ ಎಂದರು. ಎಲ್ಲರೂ ಎತ್ತಿದರು. ತಿಚಾವೋನಾ ಕೈ ಕಟ್ಟಿ ನಿಂತ.

"ಈ ಕೈ ಗುಂಡು ಹೊತ್ತಿದ್ದು ಬೇಲಿ ಕೀಳೋಕೆ," ಅಂದ. "ನಿನ್ನ ಬೇಲಿ ಕಾಯೋಕಲ್ಲ ಮಪೋಸಾ. ನಿನಗೆ ಸೈಕಲ್ ಕಲಿಸಿದ್ದು ನಾನು, ನನಗೆ ನೀನು ಕೈ ಎತ್ತೋದು ಕಲಿಸ್ಬೇಡ."

ಮಪೋಸಾನ ಹುಡುಗರು ಅವನ ಬಲಗೈಯನ್ನು ಕಲ್ಲಿನ ಮೇಲಿಟ್ಟು ದೊಣ್ಣೆಯಿಂದ ಜಜ್ಜಿದರು. ಮಪೋಸಾ ನೆರಳಲ್ಲಿ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದ. ಮೂಳೆ ಕೂಡಿತು, ಆದರೆ ಬೆರಳು ಮತ್ತೆ ಮಡಚಲಿಲ್ಲ. ಸಾಯುವವರೆಗೂ ಆ ಕೈ ಸೊಟ್ಟಗೆ, ಅಗಲವಾಗಿ ಬಿಚ್ಚಿಕೊಂಡೇ ಇತ್ತು.

*

"ಎತ್ತೋ ಮುದುಕಾ, ಮುಷ್ಟಿ!" ಮುಚಾನೆತಾ ಈಗ ಮಪೋಸಾನ ಗಂಟಲಲ್ಲಿ ಗದರಿದಳು. ಮರುಕ್ಷಣ ಮಾವನಾಗಿ ಬಲಗೈ ಎತ್ತಿದಳು. ಸೊಟ್ಟ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಮಡಚಿದಳು. ಒಂದು ಮಡಚಿದರೆ ಇನ್ನೊಂದು ಎದ್ದು ನಿಲ್ಲುತ್ತಿತ್ತು. "ತಡಿಯಪ್ಪಾ, ನಾನು ರೆಡಿ ಇದೀನಿ, ಈ ನನ್ಮಕ್ಕಳೇ ಮಾತು ಕೇಳ್ತಿಲ್ಲ. ನಿನ್ನ ಹುಡುಗರನ್ನ ಕರಿ, ಇನ್ನೊಂದ್ಸಲ ರಿಪೇರಿ ಮಾಡ್ಲಿ."

ಮೊದಲು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಡೋಲು ನಿಂತಿತು.

ಮಪೋಸಾ ಎದ್ದು ಪೆಟ್ಟಿಗೆಯ ಮೇಲೆ ಬಾವುಟ ಹರಡಿದ. ಹೊರುವವರು ಬಗ್ಗುವ ಮೊದಲು ಗರಿಕಾಯಿ ಮುಂದೆ ಬಂದ. ಹೆಂಡತಿಯ ಮುಖ ನೋಡಿದ. ಬಾವುಟ ತೆಗೆದು, ನಾಲ್ಕು ಮಡಿಕೆ ಮಾಡಿ, ಮಪೋಸಾನ ತೋಳಿನ ಮೇಲಿಟ್ಟ.

"ಅಪ್ಪಂಗೆ ಸೆಖೆ ಆಗುತ್ತೆ," ಅಂದ.

"ಪಟ್ಟಿ ಮರೀಬೇಡ ಗರಿಕಾಯಿ."

"ಮರೆತಿಲ್ಲ. ನಮ್ಮ ಹೆಸರು ಹೊಡೆದು ಹಾಕ್ಕೊಳ್ಳಿ."

ಹುತ್ತದ ಪಕ್ಕ ಗುಂಡಿ ತೋಡಿದ್ದರು. ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕುವ ಹೊತ್ತು. ಮಪೋಸಾ ಎಲ್ಲರಿಗಿಂತ ಮೊದಲು ಮಣ್ಣು ಬಾಚಿಕೊಂಡ. ಆದರೆ ಹಾಕಲಿಲ್ಲ, ಹಿಡಿದ ಮುಷ್ಟಿಯನ್ನು ಹಾಗೇ ಮೇಲೆತ್ತಿದ.

"ಪಕ್ಷಕ್ಕೆ ಜಯವಾಗಲಿ! ಎತ್ರಿ ಕೈ!"

ಸರುಜಾಯಿ ಮೊದಲು ಎತ್ತಿದಳು. ಅವಳ ಮುದಿ ಬೆರಳುಗಳು ಸೊಟ್ಟಗೆ, ಅಗಲವಾಗಿ ಬಿಚ್ಚಿಕೊಂಡಿದ್ದವು. ಆಮೇಲೆ ಗರಿಕಾಯಿ. ಆಮೇಲೆ ಸಲಿಕೆ ಕೆಳಗಿಟ್ಟ ಗಂಡಸರು, ಮಗು ಕಟ್ಟಿಕೊಂಡ ಹೆಂಗಸರು. ಗುಂಡಿಯ ಸುತ್ತ ಎಲ್ಲ ಕೈಗಳೂ ತಿಚಾವೋನಾನ ಕೈಯಾಗಿದ್ದವು. ಜೈ ಮಾತ್ರ ಯಾರೂ ಅನ್ನಲಿಲ್ಲ.

ಮಪೋಸಾನ ಮುಷ್ಟಿಯಿಂದ ಸಣ್ಣಗೆ ಮಣ್ಣು ಸೋರಿ ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು.

ಗುಂಡಿಯ ಆಚೆ ಬದಿಯಲ್ಲಿ ಕೋಟು ತೊಟ್ಟ ಮುಚಾನೆತಾ ಮಾವನ ದನಿಯಲ್ಲೇ ಮೆಲ್ಲಗೆ ಅಂದಳು: "ಕೈ ಬಿಚ್ಚಪ್ಪಾ. ಮಣ್ಣು ಬೀಳ್ಲಿ. ನಿನ್ನ ಹಿಂದೆ ಜನ ಕಾಯ್ತಾವ್ರೆ."

ಮಪೋಸಾ ಸುತ್ತ ನೋಡಿದ. ಕೈ ಕೆಳಗಿಳಿಸಿದ. ಮೊದಲು ಕಿರುಬೆರಳು ಬಿಚ್ಚಿತು, ಆಮೇಲೆ ಅದರ ಪಕ್ಕದ್ದು.