ನಾಲ್ಕು ಮಿಲಿಮೀಟರ್ ಸಂದು

"ತಲೆ ಕಡೆ ಸ್ವಲ್ಪ ಎತ್ತಿ, ಗೋಡೆಗೆ ತಾಗ್ತಿದೆ," ಎಂದ ಸತ್ತವರ ತಮ್ಮ. ಮೆಟ್ಟಿಲ ತಿರುವಿನಲ್ಲಿ ಶವಪೆಟ್ಟಿಗೆ ಅತ್ತಲೂ ಹೋಗದೆ ಇತ್ತಲೂ ಬಾರದೆ ಸಿಕ್ಕಿಕೊಂಡಿತ್ತು. ಹೊತ್ತ ನಾಲ್ವರಲ್ಲಿ ಇಬ್ಬರು ಕಚೇರಿಯವರು, ಏದುಸಿರು ಬಿಡುತ್ತಿದ್ದರು. ಒಂದು ಮೆಟ್ಟಿಲು ಮೇಲೆ, ಪೆಟ್ಟಿಗೆಯ ಅಂಚಿಗೆ ಕೈಕೊಟ್ಟು ನಿಂತವಳು ಮರಿ ಇಂಜಿನಿಯರ್. ಕೆಲಸಕ್ಕೆ ಸೇರಿ ಹತ್ತು ವರ್ಷವಾದರೂ ಕಚೇರಿಯಲ್ಲಿ ಅವಳನ್ನು ಕರೆಯುವುದು ಹಾಗೆಯೇ. ಆ ಹೆಸರಿಟ್ಟವರು ಈಗ ಪೆಟ್ಟಿಗೆಯಲ್ಲಿ ಮಲಗಿದ್ದರು. ಯಾರ ನಕ್ಷೆ ಕೈಗೆ ಬಂದರೂ ಮೊದಲು ಬೋಲ್ಟ್ ಎಣಿಸುತ್ತಿದ್ದುದರಿಂದ ಅವರು ಎಲ್ಲರಿಗೂ ಬೋಲ್ಟ್ ಮೇಷ್ಟ್ರು.

"ಮೇಷ್ಟ್ರೇ ಇದ್ದಿದ್ರೆ ಹೇಗೆ ತಿರುಗಿಸ್ಬೇಕು ಅಂತ ಲೆಕ್ಕ ಹಾಕಿ ಹೇಳೋರು," ಎಂದ ಹೊತ್ತವರಲ್ಲೊಬ್ಬ, ಭಾರ ಹಗುರ ಮಾಡಲೆಂಬಂತೆ.

ಮೇಲಿನ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿಗೆ ಅದು ಕೇಳಿಸಿತು. "ಅವರ ಲೆಕ್ಕ ನೆಟ್ಟಗಿದ್ದಿದ್ರೆ ನಾವು ಕಚೇರಿ ಮನೆ ಬಿಟ್ಟು ಈ ಮೂರನೇ ಮಹಡಿಗೆ ಯಾಕಪ್ಪ ಬರ್ತಿದ್ವಿ?"

ಪೆಟ್ಟಿಗೆ ಗೋಡೆಯ ಸುಣ್ಣ ಕೆರೆದುಕೊಂಡು ಕೆಳಗಿಳಿಯಿತು. ಮೇಷ್ಟ್ರು ಮನೆಯಲ್ಲೂ ನಿಜ ಹೇಳಿಲ್ಲವೆಂದು ಮರಿ ಇಂಜಿನಿಯರಿಗೆ ಈವರೆಗೆ ಗೊತ್ತಿರಲಿಲ್ಲ.

*

ಆರು ವರ್ಷದ ಹಿಂದೆ ಬಸ್ ನಿಲ್ದಾಣವೊಂದರ ಉಕ್ಕಿನ ಚಾವಣಿ ಅವರಿಬ್ಬರ ಕೈಗೆ ಬಂದಿತ್ತು. ಎರಡು ಸಾವಿರ ಚಿಲ್ಲರೆ ಬಿಡಿಭಾಗಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಅದರ ಮೇಲೆ ಗಾಳಿಯನ್ನೂ ಭಾರವನ್ನೂ ಹೇರಿ, ಎಲ್ಲಿ ಬಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂದು ನೋಡುವ ಕೆಲಸ. ಲೆಕ್ಕ ಪ್ರತಿಸಲವೂ ಅರ್ಧಕ್ಕೆ ನಿಲ್ಲುತ್ತಿತ್ತು. ಯಾವುದೋ ಒಂದು ಭಾಗ ಯಾವುದಕ್ಕೂ ಅಂಟದೆ ತೇಲುತ್ತಿತ್ತು.

"ಅರ್ಧ ಚಾವಣಿ ತೆಗೆದು ಓಡಿಸು ತಾಯಿ. ಓಡಿದ್ರೆ ಕಳ್ಳ ತೆಗೆದ ಅರ್ಧದಲ್ಲಿದ್ದಾನೆ. ಆಮೇಲೆ ಅದರಲ್ಲಿ ಅರ್ಧ. ಹೇನು ಹೆಕ್ಕಿದ ಹಾಗೆ, ಅವಸರ ಮಾಡ್ಬಾರ್ದು," ಎಂದು ಹೇಳಿ ಮೇಷ್ಟ್ರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ರಜೆ ಹಾಕಿದರು.

ಮ್ಯಾನೇಜರ್ ದಿನಕ್ಕೆ ಮೂರು ಸಲ ಬಂದು ಅವಳ ತಲೆಯ ಮೇಲೆ ನಿಂತ. ನಾಲ್ಕನೆಯ ದಿನ ಅವಳು ಹುಡುಕುವುದನ್ನು ಬಿಟ್ಟಳು. ಐದು ಮಿಲಿಮೀಟರ್ ಒಳಗೆ ಹತ್ತಿರವಿರುವುದೆಲ್ಲ ಒಂದಕ್ಕೊಂದು ಬೆಸೆದಿದೆ ಎಂದು ತಂತ್ರಾಂಶಕ್ಕೆ ಹೇಳಿಬಿಟ್ಟಳು. ಲೆಕ್ಕ ಸರಾಗವಾಗಿ ಓಡಿತು. ಪರದೆಯ ಮೇಲೆ ಚಾವಣಿ ಪೂರ್ತಿ ನೀಲಿಯಾಯಿತು. ಎಲ್ಲೂ ಕೆಂಪಿಲ್ಲ, ಎಲ್ಲೂ ಅಪಾಯವಿಲ್ಲ.

"ಕಳ್ಳ ಸಿಕ್ಕಿದ ಸರ್," ಎಂದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಬಂದ ಮೇಷ್ಟ್ರು ಆ ಒಂದು ದಿನ ಬೋಲ್ಟ್ ಎಣಿಸಲಿಲ್ಲ. ಅವಳ ಮಾತು ನಂಬಿ ಸಹಿ ಹಾಕಿದರು.

ಪಟ್ಟಿ ಬಿಚ್ಚಿ ವಾರಗಳಾದ ಮೇಲೆ, ಮನಸ್ಸು ತಡೆಯದೆ, ಹಳೆಯ ಕಡತ ತೆರೆದು ನೋಡಿದರು. ಒಂದು ಕಂಬದ ತಲೆಗೂ ಅದರ ಮೇಲಿನ ತೊಲೆಗೂ ನಡುವೆ ನಾಲ್ಕು ಮಿಲಿಮೀಟರ್ ಸಂದು. ಅಲ್ಲಿ ಬರಬೇಕಾದ ಬೋಲ್ಟುಗಳು ನಕ್ಷೆಯಲ್ಲೇ ಇರಲಿಲ್ಲ. ನಿಲ್ದಾಣ ಕಟ್ಟುತ್ತಿದ್ದ ಜಾಗಕ್ಕೆ ಫೋನು ಮಾಡಿದರೆ ಅತ್ತಲಿಂದ ಬರೀ ಕೂಗಾಟ. ಕ್ರೇನು ಕೊಕ್ಕೆ ಬಿಟ್ಟ ಕೂಡಲೇ ತೊಲೆ ಜಾರಿತ್ತು. ಅಡಿಯಲ್ಲಿದ್ದ ಬೆಸುಗೆಯವನೊಬ್ಬ ಸತ್ತಿದ್ದ.

ವಿಚಾರಣೆಯಲ್ಲಿ ಮೇಷ್ಟ್ರು ಅವಳ ಹೆಸರೆತ್ತಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದವಳಿಗೆ, "ಸಹಿ ನಂದು ತಾಯಿ. ನೀನು ಸುಮ್ನಿರು," ಎಂದರು.

ಅವಳು ಸುಮ್ಮನಿದ್ದಳು. ಕೆಲಸ ಕಳೆದುಕೊಂಡು ಅವರು ಹೋದರು. ವರ್ಷ ಕಳೆದು ಅವರ ಕುರ್ಚಿ ಅವಳಿಗೇ ಬಂತು. ಆಗಲೂ ಸುಮ್ಮನಿದ್ದಳು.

*

ಸ್ಮಶಾನದಲ್ಲಿ ಇನ್ನೂ ಗುಂಡಿ ತೋಡುತ್ತಿದ್ದರು. ಮೇಷ್ಟ್ರ ಹೆಂಡತಿ ಗೇಟಿನ ಬಳಿಯ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಮರಿ ಇಂಜಿನಿಯರ್ ಹೋಗಿ ಪಕ್ಕದಲ್ಲಿ ಕೂತಳು.

"ಅಮ್ಮ, ಆ ತಪ್ಪು ಸರ್ ಮಾಡಿದ್ದಲ್ಲ. ಲೆಕ್ಕ ತಿರುಚಿದ್ದು ನಾನು. ಸುಳ್ಳು ಹೇಳಿ ಅವರ ಸಹಿ ಹಾಕಿಸ್ಕೊಂಡೆ."

ಆಕೆ ತಿರುಗಿ ನೋಡಲಿಲ್ಲ. "ಕಣ್ಣು ಮಂಜಾಗಿತ್ತು, ನಾನೇ ಸರಿಯಾಗಿ ನೋಡ್ಲಿಲ್ಲ ಅಂದಿದ್ರು."

"ಇಲ್ಲಮ್ಮ."

"ಈಗ ಯಾಕೆ ಹೇಳ್ತಿದ್ದೀಯ?"

"ನಿಮ್ಮ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ."

"ಸಮಾಧಾನ," ಎಂದಳು ಆಕೆ, ಎಂದೂ ಕೇಳಿರದ ಪದವನ್ನು ಹೇಳಿನೋಡುವಂತೆ. "ಆರು ವರ್ಷ ದಿನಾ ಅಂದಿದ್ದೀನಿ ಕಣೆ, ಒಂದು ಜೀವ ತೆಗೆದ ಕೈಗೆ ಊಟ ಬಡಿಸ್ತಿದ್ದೀನಿ ಅಂತ. ತಲೆ ತಗ್ಗಿಸ್ಕೊಂಡು ಉಣ್ಣೋರು. ಮೊನ್ನೆ ಎದೆನೋವು ಅಂದಾಗ್ಲೂ ಅದನ್ನೇ ಅಂದೆ. ಅವರಿರೋವಾಗ ಬಂದು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಮರಿ ಇಂಜಿನಿಯರ್ ನಾಲ್ಕು ಸಲ ಆ ಮನೆಯ ಮೆಟ್ಟಿಲವರೆಗೆ ಹೋಗಿ ತಿರುಗಿ ಬಂದಿದ್ದಳು.

"ಅತ್ತಿಗೆ, ಬನ್ನಿ. ಹೊತ್ತಾಯ್ತು," ಎಂದು ಮೇಷ್ಟ್ರ ತಮ್ಮ ಕರೆದ.

ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಆಕೆಯೂ ಬಗ್ಗಿ ಹಿಡಿ ತುಂಬ ಎತ್ತಿಕೊಂಡಳು. ಕೈ ಚಾಚಿದಳು. ಮುಷ್ಟಿ ಬಿಚ್ಚಲಿಲ್ಲ.

"ಹಾಕಿ ಅತ್ತಿಗೆ," ಎಂದು ಅವನು ಬೆರಳು ಬಿಡಿಸಲು ಹೋದರೆ ಕೊಸರಿಕೊಂಡಳು. ಸಲಿಕೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡುತ್ತ ಕಾದರು. ಬಿಗಿದ ಬೆರಳುಗಳ ನಡುವಿನಿಂದ ಒಣಮಣ್ಣು ಸಣ್ಣಗೆ ಸೋರಿ, ಗುಂಡಿಗೆ ಬೀಳದೆ, ಆಕೆಯ ಪಾದದ ಮೇಲೇ ಬೀಳುತ್ತಿತ್ತು.